ವಿದೇಶಿ ಷೇರಿನ ಬೆಲೆ ಓದಲು ಕಲಿತ ಎಂಟು ತಿಂಗಳು

ಕಳೆದ ಜುಲೈ ಮೊದಲ ವಾರ ಮುಂಬೈ ಬಳಿಯ ಡೊಂಬಿವಲಿಯಿಂದ ಅಮೆರಿಕದ ಷೇರು ಖಾತೆಗೆ ಅರ್ಜಿ ಹಾಕಿದೆ. ಈ ಮಾರ್ಚ್‌ನಲ್ಲಿ ಆ ಖಾತೆಯ ಮೊದಲ ತೆರಿಗೆ ಕಾಗದ ಕೈಗೆ ಬಂತು. ನಡುವಿನ ಎಂಟು ತಿಂಗಳಲ್ಲಿ ಕೊಂಡದ್ದು ಒಂದೇ ಕಂಪನಿಯ ಹದಿನೈದು ಷೇರು, ಮಾರಿದ್ದು ಐದು. ಖಾತೆ ತೆರೆಯುವುದಕ್ಕೂ ದುಡ್ಡು ಕಳಿಸುವುದಕ್ಕೂ ಹಿಡಿದ ಸಮಯಕ್ಕಿಂತ ಹೆಚ್ಚು ಹಿಡಿದದ್ದು ಪರದೆಯ ಮೇಲಿನ ಅಂಕಿ ಯಾವ ಅಳತೆಯದು, ವಿಶ್ಲೇಷಕರ ಮಾತು ಯಾವುದಕ್ಕೆ ಹೋಲಿಸಿ ಹೇಳಿದ್ದು ಎಂದು ತಿಳಿಯುವುದಕ್ಕೆ. ನಡೆದ ಕ್ರಮದಲ್ಲೇ ಬರೆಯುತ್ತೇನೆ. ಪುಣೆಯ ಹಿಂಜವಡಿಯಂಥ ಕಡೆ ಕೆಲಸ ಮಾಡುತ್ತ ಅಮೆರಿಕದ ಮೂಲ ಕಂಪನಿಯಿಂದಲೇ ಆರ್‌ಎಸ್‌ಯು (ಸಂಬಳದ ಭಾಗವಾಗಿ ಬರುವ ಕಂಪನಿ ಷೇರು) ಪಡೆಯುವವರಿಗೆ ದುಡ್ಡು ಕಳಿಸುವ ಭಾಗ ಬೇಡ, ಬೆಲೆ ಓದುವ ಭಾಗದಿಂದ ಶುರು ಮಾಡಬಹುದು.

ಮೊದಲ ತಡೆ ಹೆಸರಿನದು. ಹಳೇ ಮೈಸೂರು ಕಡೆಯ ನಮ್ಮಂಥವರಿಗೆ ಹೆಸರಿನ ಜೊತೆ ಇರುವುದು ಇನಿಷಿಯಲ್ ಮಾತ್ರ. ಮಹಾರಾಷ್ಟ್ರದ ಫಾರ್ಮುಗಳು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ ಕೇಳುತ್ತವೆ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿತ್ತು, ಬ್ಯಾಂಕ್ ಖಾತೆಯಲ್ಲಿ ಬಿಡಿಸಿರಲಿಲ್ಲ, ಆಧಾರ್‌ನಲ್ಲಿ ಊರಿನ ವಿಳಾಸವೇ ಇತ್ತು. ಬ್ರೋಕರ್ ಅರ್ಜಿಯನ್ನು ಎರಡು ಸಲ ಹಿಂದಕ್ಕೆ ಕಳಿಸಿದರು. ಕೊನೆಗೆ ಬ್ಯಾಂಕ್ ಖಾತೆಯ ಹೆಸರನ್ನು ಪ್ಯಾನ್‌ನಂತೆ ತಿದ್ದಿಸಿ, ಆಧಾರ್ ವಿಳಾಸ ಬದಲಿಸಿದ ಮೇಲೆ ಮೂರನೇ ಸಲಕ್ಕೆ ಒಪ್ಪಿಗೆ ಸಿಕ್ಕಿತು. ಹನ್ನೊಂದು ದಿನ ಹೋಯಿತು. ಈ ಮೂರನ್ನೂ ಮೊದಲೇ ಸರಿಮಾಡಿಕೊಂಡು ಅರ್ಜಿ ಹಾಕಿ.

ಖಾತೆಯ ಜೊತೆಗೆ ಡಬ್ಲ್ಯು-8ಬೆನ್ ಎಂಬ ಫಾರ್ಮಿಗೆ ಸಹಿ ಬೇಕು. ನಾನು ಅಮೆರಿಕದವನಲ್ಲ, ಭಾರತದ ನಿವಾಸಿ ಎಂದು ಹೇಳುವ ಫಾರ್ಮ್ ಇದು. ತೆರಿಗೆ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಬರೆಯಬೇಕು. ಎರಡು ದೇಶಗಳ ತೆರಿಗೆ ಒಪ್ಪಂದದ ಭಾಗದಲ್ಲಿ ಭಾರತ ಎಂದು ತುಂಬಿದರೆ ಲಾಭಾಂಶದ ಮೇಲೆ ಶೇ 25 ತೆರಿಗೆ ಕಡಿತವಾಗುತ್ತದೆ. ಒಪ್ಪಂದದ ಲಾಭ ಕೇಳದಿದ್ದರೆ ಶೇ 30. ಸಹಿ ಮಾಡಿದ ವರ್ಷದ ನಂತರದ ಮೂರನೇ ವರ್ಷದ ಡಿಸೆಂಬರ್ 31ಕ್ಕೆ ಇದರ ಅವಧಿ ಮುಗಿಯುತ್ತದೆ. ನನ್ನದು 2025ರಲ್ಲಿ ಸಹಿಯಾದದ್ದು, 2028ರ ಕೊನೆಯವರೆಗೆ ನಡೆಯುತ್ತದೆ.

ಇನ್ನು ದುಡ್ಡು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಿ, ಪರ್ಪಸ್ ಕೋಡ್ ಬರೆಯಬೇಕು. ವಿದೇಶಿ ಷೇರಿನ ಹೂಡಿಕೆಗೆ ಅದು ಎಸ್0001. ನಾನು ಆ ಖಾನೆ ಖಾಲಿ ಬಿಟ್ಟಿದ್ದೆ, ಶಾಖೆಯವರು ತಮಗೆ ತೋಚಿದ ಬೇರೊಂದು ಕೋಡ್ ಬರೆದರು, ಬ್ರೋಕರ್ ಕಡೆ ದುಡ್ಡು ನಾಲ್ಕು ದಿನ ನಿಂತಿತು. ಎರಡು ಲಕ್ಷ ರೂಪಾಯಿ ಎಲ್ಲಿದೆ ಎಂದು ಯಾರಿಗೂ ಹೇಳಲಾಗದ ಆ ನಾಲ್ಕು ದಿನ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಕೋಡನ್ನು ನೀವೇ ಬರೆಯಿರಿ, ದುಡ್ಡು ಹೊರಟದ್ದರ ದಾಖಲೆಯಾದ ಸ್ವಿಫ್ಟ್ ಪ್ರತಿ ಕೇಳಿ ಪಡೆಯಿರಿ.

ಖರ್ಚಿನ ಲೆಕ್ಕ ಹೀಗಿತ್ತು. ಆ ದಿನ ಪೇಟೆಯಲ್ಲಿ ಡಾಲರ್ 86 ರೂ., ಬ್ಯಾಂಕ್ ನನಗೆ ಹಾಕಿದ್ದು 87.20. ಎರಡು ಲಕ್ಷಕ್ಕೆ ಬಂದದ್ದು 2,293.58 ಡಾಲರ್. ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕ್ 18 ಡಾಲರ್ ಕಡಿದುಕೊಂಡಿತು. ಖಾತೆಗೆ ಸೇರಿದ್ದು 2,275.58. ಪೇಟೆ ದರದಲ್ಲಿ 2,325.58 ಬರಬೇಕಿತ್ತು, ಅಂದರೆ 50 ಡಾಲರ್, 4,300 ರೂಪಾಯಿ ಅಲ್ಲೇ ಹೋಯಿತು. ಕಳಿಸುವ ಶುಲ್ಕ ಜಿಎಸ್‌ಟಿ ಸೇರಿ 1,180. ಕರೆನ್ಸಿ ಬದಲಾವಣೆಯ ಮೇಲಿನ ಜಿಎಸ್‌ಟಿ ಬೇರೆ. ಒಂದು ಲಕ್ಷದವರೆಗೆ ಶೇ 1, ಅದರ ಮೇಲೆ ಹತ್ತು ಲಕ್ಷದವರೆಗೆ ಶೇ 0.5 ಎಂದು ಮೌಲ್ಯ ಹಿಡಿದು, ಅದರ ಶೇ 18. ಎರಡು ಲಕ್ಷಕ್ಕೆ ಮೌಲ್ಯ 1,500, ತೆರಿಗೆ 270. ಒಟ್ಟು 5,750 ರೂಪಾಯಿ, ಕಳಿಸಿದ್ದರ ಶೇ 2.9ರಷ್ಟು. ಷೇರು ಇಷ್ಟು ಏರಿದ ಮೇಲೆಯೇ ನನ್ನ ಅಸಲು ಅಸಲಾಗುತ್ತದೆ. ಚಿಕ್ಕ ಮೊತ್ತ ಪದೇಪದೇ ಕಳಿಸಿದರೆ ಸ್ಥಿರ ಶುಲ್ಕವೇ ತಿಂದುಹಾಕುತ್ತದೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ ಹತ್ತು ಲಕ್ಷ ರೂ. ದಾಟಿದ ಹೂಡಿಕೆಯ ಮೇಲೆ ಶೇ 20 ಟಿಸಿಎಸ್ (ಬ್ಯಾಂಕ್ ಮುಂಗಡವಾಗಿ ಹಿಡಿಯುವ ತೆರಿಗೆ) ಇದೆ. ರಿಟರ್ನ್ ಸಲ್ಲಿಸುವಾಗ ಅದು ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಕಟ್ಟಿಹಾಕಿದಂತೆ.

ಜುಲೈ ಕೊನೆಗೆ ಬೆಲೆ ನೋಡಲು ಕೂತೆ. ನ್ಯೂಯಾರ್ಕ್ ಪೇಟೆ ಅಲ್ಲಿಯ ಬೆಳಗ್ಗೆ 9.30ರಿಂದ ಸಂಜೆ 4ರವರೆಗೆ. ನಮಗೆ ಬೇಸಿಗೆ ಸಮಯದಲ್ಲಿ ಸಂಜೆ 7ರಿಂದ ರಾತ್ರಿ 1.30, ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ರಾತ್ರಿ 8ರಿಂದ 2.30. ಸಂಜೆ ಏಳಕ್ಕೆ ನಾನು ಸೆಂಟ್ರಲ್ ಲೈನ್ ಲೋಕಲ್‌ನಲ್ಲಿ ನಿಂತಿರುತ್ತೇನೆ. ಆಗ ಆರ್ಡರ್ ಹಾಕಬೇಡಿ. ಸಿಗ್ನಲ್ ಕೈಕೊಡುವುದು ಒಂದು ಕಾರಣ. ಮೊದಲ ಅರ್ಧ ಗಂಟೆ ಕೊಳ್ಳುವ ಬೆಲೆ, ಮಾರುವ ಬೆಲೆಗಳ ಅಂತರ ಅಗಲವಾಗಿರುತ್ತದೆ ಎಂಬುದು ಇನ್ನೊಂದು.

ಪುಕ್ಕಟೆ ಸಿಗುವ ಬೆಲೆ ಎಷ್ಟೋ ಕಡೆ 15 ನಿಮಿಷ ಹಳೆಯದು. ಪರದೆಯಲ್ಲಿ ದೊಡ್ಡದಾಗಿ ಕಾಣುವುದು ಕೊನೆಯ ವಹಿವಾಟಿನ ಬೆಲೆ, ನಿಮಗೆ ಸಿಗುವ ಬೆಲೆಯಲ್ಲ. ಕೊಳ್ಳುವಾಗ ಸಿಗುವುದು ಆಸ್ಕ್, ಅಂದರೆ ಮಾರುವವರು ಕೇಳುವ ಬೆಲೆ. ಮಾರುವಾಗ ಬಿಡ್, ಕೊಳ್ಳುವವರು ಕೊಡಲು ಒಪ್ಪುವ ಬೆಲೆ. ಪೇಟೆ ತೆರೆಯುವ ಮೊದಲಿನ ಮತ್ತು ಮುಚ್ಚಿದ ನಂತರದ ವಹಿವಾಟಿನ ಬೆಲೆಯೂ ಅದೇ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಆಗ ಕೈ ಬದಲಾಗುವ ಷೇರು ಕಡಿಮೆ, ಹಾಗಾಗಿ ಆ ಅಂಕಿಯನ್ನು ನಂಬಿ ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕುವುದು ಅಪಾಯ. ಬೆಲೆಯ ಮಿತಿಯನ್ನು ನಾವೇ ಹೇಳುವ ಲಿಮಿಟ್ ಆರ್ಡರ್ ಒಂದೇ ಬಳಸಿ. ನಮ್ಮಲ್ಲಿ ಹೆಚ್ಚಿನ ಷೇರುಗಳಿಗೆ ದಿನದ ಏರಿಳಿತಕ್ಕೆ ಶೇ 20ರ ಗೆರೆಯಾದರೂ ಇದೆ. ಅಮೆರಿಕದಲ್ಲಿ ದಿನದ ಗೆರೆ ಇಲ್ಲ. ಬೆಲೆ ಜೋರಾಗಿ ಜಿಗಿದರೆ ಐದು ನಿಮಿಷ ವಹಿವಾಟು ನಿಲ್ಲಿಸಿ ಮತ್ತೆ ಬಿಡುತ್ತಾರೆ. ಒಂದೇ ದಿನ ಶೇ 30 ಬೀಳುವುದು ಅಲ್ಲಿ ಸಾಧ್ಯ.

ಲಂಡನ್ನಿನ ಪುಟ ತೆರೆದಾಗ ತಲೆ ತಿರುಗಿತು. ನಮ್ಮ ಕಟ್ಟಡದಲ್ಲಿ ಮುಂಬೈ ಫೋರ್ಟ್‌ನ ಬ್ರೋಕರ್ ಕಚೇರಿಯೊಂದರಿಂದ ನಿವೃತ್ತರಾದ ರಾಯರಿದ್ದಾರೆ. ತೋರಿಸಿದೆ. "ಬೆಲೆ ನೋಡೋ ಮೊದಲು ರೂಪಾಯಿಯೋ ಪೈಸೆಯೋ ನೋಡಪ್ಪ" ಎಂದರು. ಲಂಡನ್ನಿನಲ್ಲಿ ಷೇರಿನ ಬೆಲೆ ಬರೆಯುವುದು ಪೆನ್ಸ್‌ನಲ್ಲಿ, ಪೌಂಡ್‌ನಲ್ಲಲ್ಲ. ಜಿಬಿಎಕ್ಸ್ ಎಂದಿದ್ದರೆ ಪೆನ್ಸ್, ಜಿಬಿಪಿ ಎಂದಿದ್ದರೆ ಪೌಂಡ್. 2,480 ಎಂದರೆ 24 ಪೌಂಡ್ 80 ಪೆನ್ಸ್. ಜೊಹಾನ್ಸ್‌ಬರ್ಗ್‌ನಲ್ಲೂ ಹಾಗೆಯೇ, ರ‍್ಯಾಂಡ್‌ನ ಸೆಂಟ್‌ಗಳಲ್ಲಿ. ಜರ್ಮನಿಯ ಪುಟಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ. ಅಲ್ಲಿ 1.234,50 ಎಂದರೆ ಸಾವಿರದ ಇನ್ನೂರ ಮೂವತ್ನಾಲ್ಕೂವರೆ. ಅಮೆರಿಕದ ದಿನಾಂಕದಲ್ಲಿ ತಿಂಗಳು ಮೊದಲು: 03/04 ಎಂದರೆ ಮಾರ್ಚ್ 4. ಲಾಭಾಂಶದ ತಾರೀಖು ನೋಡುವಾಗ ಇದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ.

ಮುಂದಿನದು ಎಡಿಆರ್. ಬೇರೆ ದೇಶದ ಕಂಪನಿಯ ಷೇರನ್ನು ಅಮೆರಿಕದ ಬ್ಯಾಂಕೊಂದು ಇಟ್ಟುಕೊಂಡು ಅದರ ಮೇಲೆ ಡಾಲರ್ ಬೆಲೆಯ ರಸೀದಿ ಹೊರಡಿಸುತ್ತದೆ. ಒಂದು ರಸೀದಿಗೆ ಎಷ್ಟು ಷೇರು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಇನ್ಫೋಸಿಸ್‌ಗೆ ಒಂದಕ್ಕೆ ಒಂದು, ಐಸಿಐಸಿಐ ಬ್ಯಾಂಕಿಗೆ ಒಂದಕ್ಕೆ ಎರಡು, ಶೆಲ್‌ಗೆ ಎರಡು, ಎಚ್‌ಎಸ್‌ಬಿಸಿಗೆ ಐದು, ಬಿಪಿಗೆ ಆರು, ಅಲಿಬಾಬಾಗೆ ಎಂಟು. ಬಿಪಿ ಲಂಡನ್ನಿನಲ್ಲಿ 400 ಎಂದಿದೆ ಎಂದಿಟ್ಟುಕೊಳ್ಳಿ. ಅದು ನಾಲ್ಕು ಪೌಂಡ್. ಆರು ಷೇರಿಗೆ 24 ಪೌಂಡ್. ಪೌಂಡಿಗೆ 1.35 ಡಾಲರ್ ಆದರೆ ನ್ಯೂಯಾರ್ಕಿನಲ್ಲಿ 32.40ರ ಸುತ್ತ ಇರಬೇಕು. 400 ಎಲ್ಲಿ, 32 ಎಲ್ಲಿ! ಎರಡೂ ಒಂದೇ ಬೆಲೆ. ಹೀಗೆ ಮೂರು ಹೆಜ್ಜೆ ಕೈಯಾರೆ ಲೆಕ್ಕ ಹಾಕಿ ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ಲಂಡನ್ನಿನಲ್ಲೇ ಬ್ರಿಟಿಷ್ ಷೇರು ಕೊಂಡರೆ ಶೇ 0.5 ಸ್ಟಾಂಪ್ ತೆರಿಗೆ ಬೇರೆ.

ಷೇರು ಒಡೆಯುವ ಲೆಕ್ಕದಲ್ಲಿ ನಮ್ಮ ರೂಢಿಯೇ ತೊಡಕಾಯಿತು. ನಮ್ಮಲ್ಲಿ 1:1 ಬೋನಸ್ ಎಂದರೆ ಇದ್ದ ಒಂದಕ್ಕೆ ಇನ್ನೊಂದು ಸೇರಿ ಎರಡು. ಅಲ್ಲಿ ಟೆನ್-ಫಾರ್-ವನ್ ಎಂದರೆ ಒಂದು ಹೋಗಿ ಒಟ್ಟು ಹತ್ತು. ಎನ್‌ವಿಡಿಯಾ 2024ರ ಜೂನ್‌ನಲ್ಲಿ ಹೀಗೆ ಒಡೆದು ಸುಮಾರು 1,200 ಡಾಲರಿನಿಂದ 120ಕ್ಕೆ ಬಂತು. ಯಾರೂ ಕಳೆದುಕೊಳ್ಳಲಿಲ್ಲ. ಅದಕ್ಕಿಂತ ಹಿಂದಿನ ವರದಿಯಲ್ಲಿ ಷೇರು ಮುಂದೆ 1,300ಕ್ಕೆ ಹೋಗಬಹುದೆಂಬ ವಿಶ್ಲೇಷಕರ ಗುರಿ ಬೆಲೆ ಕಂಡರೆ ಈಗ ಅದನ್ನು 130 ಎಂದು ಓದಬೇಕು. ಬೆಲೆಯ ಚಾರ್ಟ್‌ಗಳು ಹಳೇ ಬೆಲೆಯನ್ನು ತಾವೇ ತಿದ್ದಿ ತೋರಿಸುತ್ತವೆ, ವರದಿಗಳು ಹಾಗೇ ಉಳಿದಿರುತ್ತವೆ. ಇದರ ತಿರುಗುಮುರುಗೂ ಇದೆ. ಸಿಟಿಗ್ರೂಪ್ 2011ರಲ್ಲಿ ಹತ್ತು ಷೇರನ್ನು ಒಂದಾಗಿ ಕೂಡಿಸಿತು. ಬರ್ಕ್‌ಷೈರ್ ಹ್ಯಾಥವೇಯ ಬಿ ಷೇರು ಎ ಷೇರಿನ 1,500ನೇ ಒಂದು ಪಾಲು. ಗೂಗಲ್‌ನ ಮೂಲ ಕಂಪನಿ ಆಲ್ಫಾಬೆಟ್‌ಗೆ ಪೇಟೆಯಲ್ಲಿ ಎರಡು ಚಿಹ್ನೆ, ಒಂದಕ್ಕೆ ಮತದಾನದ ಹಕ್ಕಿದೆ, ಇನ್ನೊಂದಕ್ಕಿಲ್ಲ.

ಕಂಪನಿಯ ಗಾತ್ರ ಮಿಲಿಯನ್, ಬಿಲಿಯನ್, ಟ್ರಿಲಿಯನ್‌ಗಳಲ್ಲಿರುತ್ತದೆ: ಹತ್ತು ಲಕ್ಷ, ನೂರು ಕೋಟಿ, ಲಕ್ಷ ಕೋಟಿ.

ಆಗಸ್ಟ್ ಎರಡನೇ ವಾರ 148.40 ಡಾಲರ್‌ನಂತೆ ಹದಿನೈದು ಷೇರು ಕೊಂಡೆ, 2,226 ಡಾಲರ್. ಕೊಳ್ಳುವ ಮೊದಲು ಓದಿದ್ದು, ಕೊಂಡ ಮೇಲೆ ಇನ್ನೂ ಹೆಚ್ಚು ಓದಿದ್ದು ವಿಶ್ಲೇಷಕರ ವರದಿಗಳನ್ನು. ಈ ಭಾಗಕ್ಕೆ ನಿಜವಾಗಿ ಸಮಯ ಕೊಡಿ.

ನನ್ನ ಷೇರಿಗೆ ಒಬ್ಬರು ಓವರ್‌ವೇಟ್ ಎಂದಿದ್ದರು. ಕಂಪನಿ ಸಾಲದ ಭಾರದಲ್ಲಿದೆಯೇನೋ ಎಂದು ಮೊದಲು ಅನ್ನಿಸಿತ್ತು. ಅರ್ಥ ಬೇರೆಯೇ: ಸೂಚ್ಯಂಕದಲ್ಲಿ ಈ ಷೇರಿಗೆ ಎಷ್ಟು ಪಾಲಿದೆಯೋ ನಿಮ್ಮ ಗಂಟಿನಲ್ಲಿ ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳಿ ಎಂದು. ದೊಡ್ಡ ನಿಧಿಗಳ ವ್ಯವಸ್ಥಾಪಕರಿಗಾಗಿ ಹುಟ್ಟಿದ ಮಾತು ಅದು. ಮಾರ್ಗನ್ ಸ್ಟ್ಯಾನ್ಲಿಯ ವ್ಯಾಖ್ಯೆಯಲ್ಲಿ ಓವರ್‌ವೇಟ್ ಎಂದರೆ ಆ ವಿಶ್ಲೇಷಕ ನೋಡಿಕೊಳ್ಳುವ ಕಂಪನಿಗಳ ಸರಾಸರಿಗಿಂತ ಮುಂದಿನ 12ರಿಂದ 18 ತಿಂಗಳಲ್ಲಿ ಇದು ಹೆಚ್ಚು ಗಳಿಸುತ್ತದೆ ಎಂಬ ನಿರೀಕ್ಷೆ, ಅಪಾಯವನ್ನೂ ಲೆಕ್ಕಕ್ಕೆ ಹಿಡಿದು. ಜೆಪಿ ಮಾರ್ಗನ್ ಕೂಡ ಇದೇ ಬಗೆಯ ಹೋಲಿಕೆ ಮಾಡುತ್ತದೆ, ನಡುವಿನದಕ್ಕೆ ನ್ಯೂಟ್ರಲ್ ಎನ್ನುತ್ತದೆ. ಆ ವಿಶ್ಲೇಷಕರ ಗುಂಪೆಲ್ಲ ಶೇ 15 ಬಿದ್ದು ನಿಮ್ಮ ಷೇರು ಶೇ 8 ಬಿದ್ದರೆ, ಅವರ ಲೆಕ್ಕದಲ್ಲಿ ಓವರ್‌ವೇಟ್ ಸರಿಯಾಯಿತು. ನಿಮ್ಮ ಕೈಯಲ್ಲಿ ಮಾತ್ರ ಶೇ 8 ನಷ್ಟ. ಔಟ್‌ಪರ್ಫಾರ್ಮ್, ಸೆಕ್ಟರ್ ಪರ್ಫಾರ್ಮ್, ಅಂಡರ್‌ಪರ್ಫಾರ್ಮ್ ಇವೆಲ್ಲ ಇದೇ ಕುಲದ ಮಾತು. ಬೈ ಎಂಬ ಪದವೂ ಕೆಲವು ಸಂಸ್ಥೆಗಳಲ್ಲಿ ಇಷ್ಟು ಶೇಕಡಾ ಏರುತ್ತದೆ ಎಂಬ ನೇರ ಲೆಕ್ಕ, ಕೆಲವು ಕಡೆ ಹೋಲಿಕೆಯ ಲೆಕ್ಕ. ಆದ್ದರಿಂದ ವರದಿಯನ್ನು ಕೊನೆಯ ಪುಟದಿಂದ ಓದಿ. ರೇಟಿಂಗ್‌ನ ವ್ಯಾಖ್ಯೆ ಇರುವುದು ಅಲ್ಲೇ.

ಕೊನೆಯ ಪುಟಗಳಲ್ಲಿ ಇನ್ನೂ ಎರಡು ಇರುತ್ತವೆ. ಒಂದು, ಈ ಸಂಸ್ಥೆ ಒಟ್ಟು ಷೇರುಗಳಲ್ಲಿ ಶೇಕಡಾ ಎಷ್ಟಕ್ಕೆ ಬೈ, ಎಷ್ಟಕ್ಕೆ ಹೋಲ್ಡ್, ಎಷ್ಟಕ್ಕೆ ಸೆಲ್ ಕೊಟ್ಟಿದೆ ಎಂಬ ಪಟ್ಟಿ. ಇನ್ನೊಂದು, ಆ ಪ್ರತಿ ಗುಂಪಿನಲ್ಲಿ ಕಳೆದ 12 ತಿಂಗಳಲ್ಲಿ ಎಷ್ಟು ಪಾಲು ಕಂಪನಿಗಳಿಗೆ ಇದೇ ಸಂಸ್ಥೆ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಸೇವೆ (ಷೇರು ಮಾರಾಟ, ವಿಲೀನಗಳಿಗೆ ನೆರವು) ಕೊಟ್ಟಿದೆ ಎಂಬುದು. ಅಮೆರಿಕದ ಬ್ರೋಕರ್ ಸಂಸ್ಥೆಗಳ ಮೇಲೆ ಕಣ್ಣಿಡುವ ಫಿನ್ರಾದ ನಿಯಮ 2241ರ ಪ್ರಕಾರ ಇದನ್ನು ಹೇಳಲೇಬೇಕು. ಬೈ ಶೇ 55, ಹೋಲ್ಡ್ ಶೇ 39, ಸೆಲ್ ಶೇ 6 ಎಂಬ ಪಟ್ಟಿಯನ್ನು ಊಹಿಸಿಕೊಳ್ಳಿ. ಅಂಥ ಕಡೆ ಬೈ ಸಿಕ್ಕಿದ್ದು ದೊಡ್ಡ ಗೌರವವಲ್ಲ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಸಿಕ್ಕಿದೆ. ಸೆಲ್ ಎಂಬುದು ಅಪರೂಪವಾದ್ದರಿಂದ, ಬೈನಿಂದ ಹೋಲ್ಡ್‌ಗೆ ಇಳಿಸಿದ್ದನ್ನೇ ಗಟ್ಟಿ ಎಚ್ಚರಿಕೆ ಎಂದು ನಾನು ಓದುತ್ತೇನೆ.

ಈ ಪುಟಗಳು ಸುಮ್ಮನೆ ಬಂದವಲ್ಲ. ಅಮೆರಿಕದ ಇಂಧನ ಕಂಪನಿ ಎನ್ರಾನ್ 2001ರ ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕುವುದಕ್ಕೆ ಕೆಲವೇ ವಾರಗಳ ಮೊದಲೂ ಹಲವು ವಿಶ್ಲೇಷಕರ ಬಾಯಲ್ಲಿ ಬೈ ಎಂದೇ ಇತ್ತು. 2003ರ ಏಪ್ರಿಲ್‌ನಲ್ಲಿ ವಾಲ್ ಸ್ಟ್ರೀಟಿನ ಹತ್ತು ದೊಡ್ಡ ಸಂಸ್ಥೆಗಳು ಸಂಶೋಧನೆಗೂ ಬ್ಯಾಂಕಿಂಗ್ ವ್ಯವಹಾರಕ್ಕೂ ಇದ್ದ ನಂಟಿನ ಆರೋಪದಲ್ಲಿ ಸುಮಾರು 140 ಕೋಟಿ ಡಾಲರಿನ ಇತ್ಯರ್ಥಕ್ಕೆ ಒಪ್ಪಿದವು. ಸಣ್ಣ ಹೂಡಿಕೆದಾರರ ಕಷ್ಟದ ದುಡ್ಡು ಹೋದ ಮೇಲೆ ಬಂದ ಪುಟಗಳು ಅವು. ಓದದೆ ಬಿಡಬೇಡಿ.

ಗುರಿ ಬೆಲೆ ಸಾಮಾನ್ಯವಾಗಿ 12 ತಿಂಗಳದು. ನಾನು ಕೊಂಡಾಗ ಸರಾಸರಿ ಗುರಿ 170 ಇತ್ತು, ಅಂದರೆ ಶೇ 14.6 ಮೇಲೆ. ಇದರಲ್ಲಿ ನನ್ನ ಶೇ 2.9 ಖರ್ಚು ಕಳೆಯಬೇಕು. ಸರಾಸರಿಯನ್ನೂ ಬಿಡಿಸಿ ನೋಡಬೇಕು. ಐವರು 120, 190, 200, 210, 330 ಎಂದರೆ ಸರಾಸರಿ 210, ನಡುವಿನವರು ಹೇಳಿದ್ದು 200. ಒಬ್ಬರ 330 ಎಲ್ಲರನ್ನೂ ಎಳೆದಿದೆ. ಆರು ತಿಂಗಳ ಹಿಂದಿನ ಗುರಿಯೂ ಅದರಲ್ಲಿ ಸೇರಿರಬಹುದು, ತಾರೀಖು ನೋಡಿ. ಎಡಿಆರ್ ಆದರೆ ಗುರಿ ಡಾಲರ್‌ನಲ್ಲಿದೆಯೋ ತವರಿನ ಹಣದಲ್ಲಿದೆಯೋ ನೋಡಿ.

ತಲೆಬರಹ ನೋಡಿ ಸಂತೋಷಪಟ್ಟು ಮೋಸಹೋಗುವ ಜಾಗ ಒಂದಿದೆ. "ಗುರಿ 180ರಿಂದ 190ಕ್ಕೆ ಏರಿಕೆ, ನ್ಯೂಟ್ರಲ್ ಮುಂದುವರಿಕೆ." ಒಳ್ಳೆಯ ಸುದ್ದಿಯಂತೆ ಕಾಣುತ್ತದೆ. ಷೇರು ಆಗಲೇ 205ರಲ್ಲಿದ್ದರೆ ಅವರು ಹೇಳುತ್ತಿರುವುದು ಇಳಿಯುತ್ತದೆ ಎಂದೇ. ಗುರಿಯನ್ನು ಅದರ ಹಿಂದಿನ ಗುರಿಗೆ ಹೋಲಿಸಬೇಡಿ, ಇಂದಿನ ಬೆಲೆಗೆ ಹೋಲಿಸಿ.

ಒಂದರಿಂದ ಐದರ ಅಂಕದಲ್ಲೂ ದಿಕ್ಕು ಬೇರೆಬೇರೆ. ಯಾಹೂ ಫೈನಾನ್ಸ್‌ನಲ್ಲಿ 1 ಎಂದರೆ ಗಟ್ಟಿಯಾಗಿ ಕೊಳ್ಳಿ, ಸೀಕಿಂಗ್ ಆಲ್ಫಾದಲ್ಲಿ ಅದಕ್ಕೆ 5. ಮಾರ್ನಿಂಗ್‌ಸ್ಟಾರ್‌ನ ಐದು ನಕ್ಷತ್ರ, ಅವರು ಕಟ್ಟಿದ ನ್ಯಾಯಬೆಲೆಗಿಂತ ಷೇರು ಅಗ್ಗವಾಗಿದೆ ಎಂಬುದರ ಗುರುತು. ನಾಟ್ ರೇಟೆಡ್ ಅಥವಾ ರಿಸ್ಟ್ರಿಕ್ಟೆಡ್ ಎಂದಿದ್ದರೆ ಕಂಪನಿ ಕೆಟ್ಟದೆಂದಲ್ಲ. ಆ ಸಂಸ್ಥೆಯೇ ಕಂಪನಿಯ ವಿಲೀನಕ್ಕೋ ಷೇರು ಮಾರಾಟಕ್ಕೋ ಸಲಹೆ ಕೊಡುತ್ತಿದ್ದರೆ ನಿಯಮದಂತೆ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ.

ವರದಿಯ ಒಳಗಿನ ನಯದ ಮಾತುಗಳಿಗೆ ನಾನು ಒಂದು ನೋಟ್‌ಬುಕ್ ಇಟ್ಟೆ. ಲಿಮಿಟೆಡ್ ವಿಸಿಬಿಲಿಟಿ: ಮುಂದಿನ ಆದಾಯ ಅಂದಾಜು ಮಾಡಲು ಆಗುತ್ತಿಲ್ಲ. ಶೋ-ಮಿ ಸ್ಟೋರಿ: ಆಡಳಿತದವರ ಮಾತು ಸಾಲದು, ಮಾಡಿ ತೋರಿಸಲಿ. ಪ್ರೈಸ್ಡ್ ಫಾರ್ ಪರ್ಫೆಕ್ಷನ್: ಎಲ್ಲ ಸರಿಯಾದರೆ ಮಾತ್ರ ಈ ಬೆಲೆ ನಿಲ್ಲುತ್ತದೆ. ಡೆಡ್ ಮನಿ: ಬೀಳುವುದಿಲ್ಲ, ಏಳುವುದೂ ಇಲ್ಲ, ದುಡ್ಡು ಸುಮ್ಮನೆ ಕೂರುತ್ತದೆ. ಬೈಯರ್ಸ್ ಆನ್ ವೀಕ್ನೆಸ್: ಈ ಬೆಲೆಗೆ ಬೇಡ, ಬಿದ್ದರೆ ನೋಡೋಣ. ಹೆಡ್‌ವಿಂಡ್ ಎಂದರೆ ಎದುರು ಗಾಳಿ. ವರದಿ ಎಷ್ಟೇ ಹೊಗಳಿದರೂ ಈ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಬೇಸಿಸ್ ಪಾಯಿಂಟ್ ಎಂದರೆ ಶೇಕಡಾ ಒಂದರ ನೂರನೇ ಭಾಗ. ಮಾರ್ಜಿನ್ (ಆದಾಯದಲ್ಲಿ ಲಾಭದ ಶೇಕಡಾ ಪಾಲು) 50 ಬೇಸಿಸ್ ಪಾಯಿಂಟ್ ಇಳಿಯಿತೆಂದರೆ ಇಳಿದದ್ದು ಅರ್ಧ ಶೇಕಡಾ.

ಅಕ್ಟೋಬರ್ ಕೊನೆಯಲ್ಲಿ ತ್ರೈಮಾಸಿಕ ಫಲಿತಾಂಶದ ರಾತ್ರಿ ಬಂತು. ಪೇಟೆ ಮುಚ್ಚಿದ ಮೇಲೆ ಅಲ್ಲಿ ಪ್ರಕಟಣೆ ಹೊರಟಾಗ ನಮಗೆ ರಾತ್ರಿ ಒಂದೂವರೆ ದಾಟಿತ್ತು. ನಿರೀಕ್ಷೆಗಿಂತ ಪ್ರತಿ ಷೇರಿಗೆ ಮೂರು ಸೆಂಟ್ ಹೆಚ್ಚು ಲಾಭ. ನೆಮ್ಮದಿಯಿಂದ ಉಸಿರು ಬಿಟ್ಟೆ. ಹತ್ತು ನಿಮಿಷದಲ್ಲಿ ಷೇರು ಶೇ 7 ಕೆಳಗೆ. ಕೈ ತಣ್ಣಗಾಯಿತು. ಕಾರಣ ಪ್ರಕಟಣೆಯ ನಾಲ್ಕನೇ ಪ್ಯಾರಾದಲ್ಲಿತ್ತು: ಮುಂದಿನ ತ್ರೈಮಾಸಿಕದ ಆದಾಯದ ಮುನ್ನೋಟ ಪೇಟೆಯ ಅಂದಾಜಿಗಿಂತ ಕಡಿಮೆ. ಪೇಟೆ ಹೋದದ್ದಕ್ಕೆ ಬೆಲೆ ಕಟ್ಟುವುದಿಲ್ಲ, ಬರುವುದಕ್ಕೆ ಕಟ್ಟುತ್ತದೆ. ಮೂರು ಸೆಂಟ್ ಹೆಚ್ಚಳವೂ ನಾನ್-ಗ್ಯಾಪ್ ಲೆಕ್ಕದ್ದು, ಅಂದರೆ ಅಲ್ಲಿಯ ಅಧಿಕೃತ ಲೆಕ್ಕಪದ್ಧತಿಯ ಹೊರಗಿನದು, ನೌಕರರಿಗೆ ಕೊಟ್ಟ ಷೇರುಗಳ ಖರ್ಚು ಬಿಟ್ಟು ಹಾಕಿದ್ದು. ಎರಡು ಲೆಕ್ಕವನ್ನೂ ಹೊಂದಿಸಿ ತೋರಿಸುವ ಪಟ್ಟಿ ಪ್ರಕಟಣೆಯ ಕೊನೆಯಲ್ಲಿರುತ್ತದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ತಾಣದಲ್ಲಿ 10-ಕ್ಯೂ (ತ್ರೈಮಾಸಿಕ ವರದಿ), 10-ಕೆ (ವಾರ್ಷಿಕ ವರದಿ) ಎಲ್ಲ ಪುಕ್ಕಟೆ ಸಿಗುತ್ತವೆ. ಹಣಕಾಸು ವರ್ಷದ ಹೆಸರನ್ನೂ ಗಮನಿಸಿ. ಮೈಕ್ರೋಸಾಫ್ಟ್ ವರ್ಷ ಜೂನ್‌ಗೆ ಮುಗಿಯುತ್ತದೆ, ಆಪಲ್‌ನದು ಸೆಪ್ಟೆಂಬರ್ ಕೊನೆಗೆ, ಎನ್‌ವಿಡಿಯಾದ್ದು ಜನವರಿ ಕೊನೆಗೆ. ಎನ್‌ವಿಡಿಯಾದ 2025ರ ಹಣಕಾಸು ವರ್ಷ ಎಂದರೆ ಬಹುಪಾಲು 2024ನೇ ಇಸವಿ.

ಮರುದಿನ ವಿಶ್ಲೇಷಕರಲ್ಲಿ ಮೂವರು ಗುರಿ ಇಳಿಸಿದರು, ರೇಟಿಂಗ್ ಯಾರೂ ಮುಟ್ಟಲಿಲ್ಲ. ನಾನೂ ಆ ರಾತ್ರಿ ಮಾರಲಿಲ್ಲ. 10-ಕ್ಯೂ ಓದಿ, ಗ್ರಾಹಕರು ಬಿಟ್ಟು ಹೋಗಿಲ್ಲ, ಆರ್ಡರ್ ಮುಂದಕ್ಕೆ ಹೋಗಿದೆ ಎಂದು ಗೊತ್ತಾದ ಮೇಲೆ ಇಟ್ಟುಕೊಂಡೆ. ಫೆಬ್ರುವರಿಯಲ್ಲಿ ಮನೆಯ ಖರ್ಚಿಗೆ ಬೇಕಾಗಿ ಐದು ಷೇರು 156.10ಕ್ಕೆ ಮಾರಿದೆ. ಡಾಲರ್‌ನಲ್ಲಿ ಗಳಿಕೆ ಶೇ 5.2. ಅಷ್ಟರಲ್ಲಿ ಡಾಲರ್ 86ರಿಂದ 90ರ ಆಸುಪಾಸಿಗೆ ಬಂದಿತ್ತು. 1.052ನ್ನು 1.0465ರಿಂದ ಗುಣಿಸಿದರೆ ರೂಪಾಯಿಯಲ್ಲಿ ಶೇ 10. ಅರ್ಧದಷ್ಟು ಗಳಿಕೆ ಕಂಪನಿಯದಲ್ಲ, ರೂಪಾಯಿ ಇಳಿದದ್ದರಿಂದ ಬಂದದ್ದು. ವಿಶ್ಲೇಷಕರ ಗುರಿಯಲ್ಲಿ ಈ ಭಾಗ ಇರುವುದೇ ಇಲ್ಲ, ರೂಪಾಯಿ ಬಲವಾದರೆ ಇದು ತಿರುಗಿ ಹೊಡೆಯುತ್ತದೆ.

ಮಾರಿದ ನಂತರದ ವಹಿವಾಟಿನ ದಿನವೇ ಲೆಕ್ಕ ಮುಗಿಯುತ್ತದೆ, ಇದಕ್ಕೆ ಟಿ+1 ಎನ್ನುತ್ತಾರೆ, 2024ರ ಮೇ 28ರಿಂದ ಅಲ್ಲೂ ಹಾಗೆಯೇ. ಖಾತೆಯಲ್ಲಿ ಸುಮ್ಮನೆ ಉಳಿದ ಡಾಲರನ್ನು ಮತ್ತೆ ಹೂಡದಿದ್ದರೆ 180 ದಿನದೊಳಗೆ ಭಾರತಕ್ಕೆ ತರಬೇಕು. ಷೇರು ಮಾರಿದ ಲಾಭಕ್ಕೆ ಅಮೆರಿಕ ನಮ್ಮಿಂದ ತೆರಿಗೆ ಹಿಡಿಯುವುದಿಲ್ಲ. ಇಲ್ಲಿ 24 ತಿಂಗಳು ದಾಟಿದ್ದರೆ ಶೇ 12.5, ಅದರೊಳಗಾದರೆ ನಿಮ್ಮ ಸ್ಲ್ಯಾಬ್ ದರ. ನನ್ನದು ಎರಡನೆಯದು. ದೊಡ್ಡ ಮೊತ್ತ ಇಡುವವರಿಗೆ ಒಂದು ಮಾತು: ಅಮೆರಿಕದ ಆಸ್ತಿ 60,000 ಡಾಲರ್ ದಾಟಿದ್ದು, ಹೂಡಿದವರು ತೀರಿಕೊಂಡರೆ ಅಲ್ಲಿಯ ಎಸ್ಟೇಟ್ ತೆರಿಗೆ ಬೀಳುತ್ತದೆ. ಮನೆಯವರಿಗೆ ಖಾತೆಯ ವಿವರ ತಿಳಿದಿರಲಿ.

ಒಂದೇ ವಿದೇಶಿ ಷೇರಿದ್ದರೂ ಐಟಿಆರ್-1 ಸಲ್ಲಿಸುವಂತಿಲ್ಲ. ಐಟಿಆರ್-2 ಅಥವಾ 3ರಲ್ಲಿ ವಿದೇಶಿ ಆಸ್ತಿಯ ಪಟ್ಟಿಯಾದ ಶೆಡ್ಯೂಲ್ ಎಫ್‌ಎ ತುಂಬಬೇಕು. ಅದು ಕೇಳುವುದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ, ನಮ್ಮ ಏಪ್ರಿಲ್-ಮಾರ್ಚ್ ಅಲ್ಲ. ಕೊಂಡಾಗಿನ ಮೌಲ್ಯ, ವರ್ಷದ ಗರಿಷ್ಠ ಮೌಲ್ಯ, ಡಿಸೆಂಬರ್ 31ರ ಮೌಲ್ಯ, ಮೂರನ್ನೂ ಸ್ಟೇಟ್ ಬ್ಯಾಂಕಿನ ಟಿಟಿ ಬೈಯಿಂಗ್ (ಬ್ಯಾಂಕ್ ಡಾಲರ್ ಕೊಳ್ಳುವ) ದರದಲ್ಲಿ ರೂಪಾಯಿಗೆ ತಿರುಗಿಸಿ ಬರೆಯಬೇಕು. ಗರಿಷ್ಠ ಮೌಲ್ಯದ ದಿನವನ್ನು ಆಮೇಲೆ ಹುಡುಕುವುದು ತ್ರಾಸ. ಪ್ರತಿ ತಿಂಗಳ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊಳ್ಳಿ.

ಸೆಪ್ಟೆಂಬರ್ ಮತ್ತು ಡಿಸೆಂಬರ್‌ನಲ್ಲಿ ಷೇರಿಗೆ 40 ಸೆಂಟ್‌ನಂತೆ ಲಾಭಾಂಶ ಬಂದಿತ್ತು. ಹದಿನೈದು ಷೇರಿಗೆ ಎರಡು ಸಲ ಸೇರಿ 12 ಡಾಲರ್, ಕಡಿತ 3, ಕೈಗೆ 9. ಅದಕ್ಕೆ ಸಾಕ್ಷಿ 1042-ಎಸ್ ಎಂಬ ಕಾಗದ, ಮಾರ್ಚ್ 15ರೊಳಗೆ ಬರಬೇಕು. ನನ್ನದು 12ರಂದು ಬಂತು. ಒಟ್ಟು 12, ತೆರಿಗೆ 3, ದರ 25, ದೇಶದ ಜಾಗದಲ್ಲಿ ಭಾರತ, ಹೆಸರು ಪ್ಯಾನ್‌ನಲ್ಲಿರುವಂತೆಯೇ ಬಿಡಿಸಿ ಬರೆದಿದೆ. ಆ ಮೂರು ಡಾಲರನ್ನು ಇಲ್ಲಿಯ ತೆರಿಗೆಯಲ್ಲಿ ಕಳೆಯಲು ಫಾರ್ಮ್ 67 ತುಂಬಬೇಕು. ಕಾಗದವನ್ನು ತೆರಿಗೆಯ ಫೈಲಿನಲ್ಲಿಟ್ಟಿದ್ದೇನೆ.